ಮುಯ್ಯಿ ಇಲ್ಲದ ಮದುವೆ

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಎಂಟೇ ದಿನಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಬಳ್ಳಾರಿ ಗಣಿಧಣಿ ಗಾಲಿ ಜನಾರ್ದನ ರೆಡ್ಡಿಯವರ ಮಗಳ ಮದುವೆ. ಹಂಪಿಯ ಗುಡಿಗಳಂಗೆ ಸೆಟ್ಟು, ತೆರೆದರೆ ವಿಡಿಯೋ ಓಡುವ ಲಗ್ನಪತ್ರಿಕೆ.

ನಮ್ಮ ಹೊಸೂರು ಸೀಮೆ ಜನ ಬ್ಯಾಂಕಿನ ಮುಂದೆ ಸಾಲಲ್ಲಿ ನಿಂತು ಇದೇ ಮಾತಾಡಿದರು. ವಾರಕ್ಕೆ ಸಿಗೋದು 24,000 ರೂಪಾಯಿ. "ಪಾಪ, ಅವರೂ ಹಿಂಗೇ ನಿಂತಿದ್ದರೇನಪ್ಪಾ?" ಅಂದರು ಒಬ್ಬ ಅಜ್ಜಿ. ಎಲ್ಲರೂ ನಕ್ಕೆವು.

ಆಗ ನಮ್ಮೂರಲ್ಲೂ ಒಂದು ಮದುವೆ. ಅಂಗಡಿಯವರು ಸಾಲ ಬರೆದುಕೊಂಡರು, ಮನೆಮನೆಯವರು ರಾಗಿ, ಅವರೆಕಾಯಿ ತಂದು ಸುರಿದರು, ನಾವು ಸೋಬಾನೆ ಹಾಡಿದೆವು.

ಉಳ್ಳವರ ಮೇಲೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮದುವೆಯಲ್ಲಿ ಕೊಟ್ಟ ಮುಯ್ಯಿ ನಾಳೆ ನಮ್ಮನೆಗೇ ಬರುತ್ತೆ. ಅಲ್ಲಿ ನಾವು ಬರೀ ನೋಡೋರು. ನೋಡಿ ನೋಡಿ ನಮ್ಮ ಮಕ್ಕಳೂ ಹೊಲ ಅಡ ಇಟ್ಟು ಸೆಟ್ಟು ಹಾಕಿಸಬಾರದು, ಅಷ್ಟೇ.