ಗೋಡೆಯ ಮೇಲಿನ ಹಿಮದ ಚಿತ್ರ

ನಮ್ಮ ಮನೆಯ ನಡುಕೋಣೆಯ ಗೋಡೆಯಲ್ಲಿ ಒಂದು ಫೋಟೋ ಇದೆ. ಸುತ್ತಲೂ ಬೆಳ್ಳನೆಯ ಹಿಮ. ಬೆನ್ನಿಗೆ ದೊಡ್ಡ ಚೀಲ, ತಲೆಗೆ ಉಣ್ಣೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ನಾನೂ ನನ್ನಾಕೆಯೂ ನಿಂತಿದ್ದೇವೆ. ಕಳೆದ ತಿಂಗಳು ಐದನೇ ತರಗತಿಯ ಮೊಮ್ಮಗ ಅದನ್ನು ಕೆಳಗಿಳಿಸಿದ. ‘ಅಜ್ಜ, ಮನೆಯವರ ಸಾಹಸದ ಬಗ್ಗೆ ಕ್ಲಾಸಿನಲ್ಲಿ ಮಾತಾಡಬೇಕು. ನೀನೂ ಅಜ್ಜಿಯೂ 12,500 ಅಡಿ ಎತ್ತರದ ಶಿಖರ ಹತ್ತಿದ್ದೀರಿ ಅಂತ ಹೇಳ್ತೀನಿ’ ಎಂದ. ಸೊಪ್ಪು ಬಿಡಿಸುತ್ತಿದ್ದ ಅವನ ಅಜ್ಜಿಯ ಕೈ ನಿಂತಿತು. ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ಅಂದು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

ಬ್ಯಾಂಕಿನಿಂದ ನಿವೃತ್ತನಾದ ಮರುವರ್ಷ, 2012ರ ಮಾರ್ಚ್ ತಿಂಗಳು. ನನಗೆ 61, ಅವಳಿಗೆ 57. ಕೌಂಟರಿನ ಹಿಂದೆ ಕೂತು ನೋಟು ಎಣಿಸುತ್ತಿದ್ದಾಗಿನಿಂದಲೂ ಹಿಮದ ಮೇಲೆ ನಡೆಯಬೇಕೆಂಬ ಆಸೆ ನನ್ನದು. ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟೆವು. ಇದು ಯಾತ್ರಿಕರು ಹೋಗುವ ಕೇದಾರನಾಥವಲ್ಲ. ಉತ್ತರಕಾಶಿ ಜಿಲ್ಲೆಯ ಬೇರೆಯೇ ಒಂದು ಬೆಟ್ಟ. ಎತ್ತರ 3,810 ಮೀಟರ್. ಡಾಕ್ಟರರಿಗೆ ತೋರಿಸಿ, ಎರಡು ತಿಂಗಳು ದಿನಾ ಬೆಳಿಗ್ಗೆ ಚೀಲ ಹೊತ್ತು ಪಾರ್ಕಿನಲ್ಲಿ ಸುತ್ತು ಹಾಕಿದೆವು. ನೋಡಿದವರು ನಕ್ಕರು.

ಡೆಹ್ರಾಡೂನಿನಿಂದ ಬಸ್ಸಿನಲ್ಲಿ ಸುಮಾರು 200 ಕಿಲೋಮೀಟರ್. ಇಡೀ ದಿನದ ದಾರಿ. ನೈಟ್‌ವಾರ್ ಎಂಬಲ್ಲಿ ರೂಪಿನ್ ಮತ್ತು ಸೂಪಿನ್ ಎಂಬ ಎರಡು ಹೊಳೆಗಳು ಕೂಡಿ ಟೋನ್ಸ್ ನದಿಯಾಗುತ್ತವೆ. ಈ ಟೋನ್ಸ್ ಮುಂದೆ ಯಮುನೆಯನ್ನು ಸೇರುತ್ತದೆ. ಸೇರುವಾಗ ಯಮುನೆಗಿಂತ ಹೆಚ್ಚು ನೀರು ಇರುವುದು ಇದರಲ್ಲೇ. ಆದರೂ ಹೆಸರು ಉಳಿಯುವುದು ಯಮುನೆಯದು!

ರಸ್ತೆ ಬಿಟ್ಟು ನಡಿಗೆ ಶುರುವಾಗುವ ಹಳ್ಳಿ ಸಾಂಕ್ರಿ. ಅದರ ಎತ್ತರವೇ ಸುಮಾರು 1,900 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿಯೂ ಸರಿಸುಮಾರು ಅಷ್ಟೇ. ನಮ್ಮ ಬೆಟ್ಟದ ತುದಿ ಮುಗಿಯುವ ಎತ್ತರದಲ್ಲಿ ಅಲ್ಲಿನ ಬೆಟ್ಟದ ಬುಡ!

ಊರಿನ ಒಬ್ಬ ಯುವಕ ನಮಗೆ ದಾರಿ ತೋರಿಸಲು ಬಂದ. ಡೇರೆ, ಅಡುಗೆ ಸಾಮಾನು ಹೇಸರಗತ್ತೆಯ ಮೇಲೆ. ಬಟ್ಟೆಬರೆಯ ಚೀಲ ನಮ್ಮ ನಮ್ಮ ಬೆನ್ನಿನ ಮೇಲೆ. ಅವಳ ಚೀಲದಲ್ಲಿ ಕೋಡುಬಳೆ, ಚಟ್ನಿಪುಡಿ, ಕೊಬ್ಬರಿ ಬೆಲ್ಲವೂ ಇದ್ದವು. ಭಾರದ ವಸ್ತುಗಳನ್ನು ಬೆನ್ನಿಗೆ ಒತ್ತಿಕೊಂಡಿರುವಂತೆ ಇಟ್ಟರೆ ಚೀಲ ಹಿಂದಕ್ಕೆ ಜಗ್ಗುವುದಿಲ್ಲ ಎಂದು ಆ ಹುಡುಗ ಎಲ್ಲವನ್ನೂ ಹೊಸದಾಗಿ ತುಂಬಿಕೊಟ್ಟ.

ಪೈನ್ ಮರಗಳ ನಡುವೆ ಏರಿ ಮೊದಲ ರಾತ್ರಿ ತಂಗಿದ್ದು ಜೂಡಾ ಕಾ ತಾಲಾಬ್ ಎಂಬ ಕೊಳದ ಬಳಿ. ಶಿವನು ಜಟೆ ಬಿಚ್ಚಿದಾಗ ಬಿದ್ದ ನೀರಿನಿಂದ ಆದ ಕೊಳವೆಂದು ಊರಿನವರ ಕಥೆ. ಅಲ್ಲಿ ಮೊದಲ ಬಾರಿಗೆ ಹಿಮವನ್ನು ಮುಟ್ಟಿದೆವು. ನನ್ನಾಕೆ ಒಂದು ಹಿಡಿ ತೆಗೆದು ನನ್ನ ಕಾಲರಿನೊಳಗೆ ಹಾಕಿ ಓಡಿದಳು. ರಾತ್ರಿ ಹುಡುಗ ನಮ್ಮ ನೀರಿನ ಬಾಟಲಿಗಳನ್ನು ತಲೆಕೆಳಗಾಗಿ ಇಟ್ಟ. ನೀರು ಹೆಪ್ಪುಗಟ್ಟುವುದು ಮೇಲಿನಿಂದ. ತಲೆಕೆಳಗಾಗಿ ಇಟ್ಟರೆ ಮಂಜುಗಡ್ಡೆ ಬಾಟಲಿಯ ತಳದ ಕಡೆ ಕಟ್ಟುತ್ತದೆ, ಬಾಯಿ ಮುಚ್ಚಿಹೋಗುವುದಿಲ್ಲ. ಎಂಥ ಸುಲಭ ಉಪಾಯ!

ಮರುದಿನ ಮಧ್ಯಾಹ್ನ ಕೊನೆಯ ಬಿಡಾರ ತಲುಪಿದೆವು. ಸುಮಾರು 11,000 ಅಡಿ. ಎದುರಿಗೆ ಸ್ವರ್ಗಾರೋಹಿಣಿ! ಪಾಂಡವರು ಸ್ವರ್ಗಕ್ಕೆ ನಡೆದ ದಾರಿ ಎಂದು ಅಲ್ಲಿನವರು ಕೈಮುಗಿಯುವ ಹಿಮಪರ್ವತ. ಗೋಡೆಯ ಮೇಲಿನ ಫೋಟೋ ತೆಗೆದದ್ದು ಅಲ್ಲಿಯೇ. ಆ ರಾತ್ರಿ ಅವಳು ತನ್ನ ತಟ್ಟೆಯ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ‘ಹಸಿವಿಲ್ಲ ರೀ’ ಎಂದಳು. ನಾನು ಸಂತೋಷವಾಗಿ ತಿಂದೆ.

ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಅದಕ್ಕೇ ಬೆಳಗಿನ ಜಾವ ಮೂರಕ್ಕೆ ಹೊರಟೆವು. ಬೂಟಿನಡಿ ಕಬ್ಬಿಣದ ಹಲ್ಲುಗಳು, ಹಣೆಗೆ ದೀಪ. ಬೆಳಕು ಹರಿಯುವ ಹೊತ್ತಿಗೆ ಶಿಖರ ಕಣ್ಣೆದುರಿಗೇ ಇತ್ತು. ಇನ್ನೊಂದು ಗಂಟೆಯ ದಾರಿ. ಆಗ ಹುಡುಗ ನನ್ನ ತೋಳು ಹಿಡಿದು, ‘ಬಾಬೂಜಿ, ಮಾತಾಜಿಯ ನೀರಿನ ಬಾಟಲಿ ನೋಡಿದಿರಾ?’ ಎಂದ.

ಬಾಟಲಿ ತುಂಬಿಯೇ ಇತ್ತು. ವಾಕರಿಕೆಯಿಂದ ಅವಳಿಗೆ ಒಂದು ಗುಟುಕೂ ಇಳಿದಿರಲಿಲ್ಲ. ಹಿಂದಿನ ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತಂತೆ. ಹುಡುಗ ಹತ್ತು ಹೆಜ್ಜೆ ನಡೆಯಲು ಹೇಳಿದ. ಏರಿಲ್ಲದ ಕಡೆಯೂ ಅವಳು ತೂರಾಡಿದಳು.

ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲಿನಷ್ಟೇ ಅಲ್ಲಿ ಸಿಗುತ್ತದೆ. ಕೆಲವರ ದೇಹ ಒಗ್ಗಿಕೊಳ್ಳಲು ಹೆಚ್ಚು ದಿನ ಬೇಡುತ್ತದೆ. ತಲೆನೋವು, ವಾಕರಿಕೆ ಬಂದರೆ ಮೇಲೇರಬಾರದು. ನಡಿಗೆ ತಪ್ಪಿತೆಂದರೆ ಪ್ರಾಣಕ್ಕೇ ಅಪಾಯ, ತಡಮಾಡದೆ ಕೆಳಗಿಳಿಯಬೇಕು.

ಇದೆಲ್ಲ ನಾನು ಓದಿಕೊಂಡೇ ಹೋಗಿದ್ದೆ. ಆದರೂ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು: ‘ನೀನು ಇಲ್ಲೇ ಕೂತಿರು. ನಾನೊಬ್ಬ ಬೇಗ ಹೋಗಿಬಂದುಬಿಡ್ತೀನಿ.’

ಅವಳು ‘ಹೋಗಿಬನ್ನಿ’ ಎಂದಳು. ಹುಡುಗ ಒಪ್ಪಲಿಲ್ಲ. ನನ್ನ ಮಗನಿಗಿಂತ ಚಿಕ್ಕವನು, ‘ಮೂವರೂ ಇಳಿಯೋಣ, ಈಗಲೇ’ ಎಂದು ಅವಳ ಚೀಲವನ್ನು ತನ್ನ ಹೆಗಲಿಗೇರಿಸಿದ. ನಾನು ಅವಳ ಕೈ ಹಿಡಿದುಕೊಂಡೆ. ಮುಖ ಮಾತ್ರ ಗಂಟು ಹಾಕಿಕೊಂಡೇ ಇಳಿದೆ. ಮಧ್ಯಾಹ್ನ ಕೊಳದ ಬಳಿ ಬರುವಷ್ಟರಲ್ಲಿ ಅವಳ ತಲೆನೋವು ಇಳಿದಿತ್ತು. ಚಹಾ ಕೇಳಿ ಎರಡು ಲೋಟ ಕುಡಿದಳು. ಅವಳು ಎರಡನೇ ಲೋಟಕ್ಕೆ ಕೈ ಚಾಚಿದಾಗ ನನಗೆ ಅಳು ಬಂತು.

ಊರಿಗೆ ಬಂದ ಮೇಲೆ ಪಕ್ಕದ ಮನೆಯವರು ಫೋಟೋ ನೋಡಿ, ‘ಓಹೋ, ತುದಿ ಮುಟ್ಟಿಯೇ ಬಂದಿರಿ!’ ಎಂದರು. ನಾನು ನಕ್ಕು ಸುಮ್ಮನಾದೆ. ದಿನದ ಕೊನೆಗೆ ಒಂದು ರೂಪಾಯಿ ಹೊಂದದಿದ್ದರೂ ಮನೆಗೆ ಹೋಗದಿದ್ದವನು ಈ ಸುಳ್ಳು ಲೆಕ್ಕವನ್ನು ಇಷ್ಟು ವರ್ಷ ಗೋಡೆಗೆ ತೂಗುಹಾಕಿದ್ದೆ.

ಮೊಮ್ಮಗ ಎಲ್ಲ ಕೇಳಿ ಅಜ್ಜಿಯ ಕಡೆ ತಿರುಗಿದ. ‘ತಲೆನೋವು ಅಂತ ಯಾಕೆ ಹೇಳಲಿಲ್ಲ ಅಜ್ಜಿ?’

‘ನಿಮ್ಮಜ್ಜ ಅಷ್ಟು ವರ್ಷದಿಂದ ಆಸೆ ಪಟ್ಟಿದ್ದರಲ್ಲ ಪುಟ್ಟ.’

ಅವನು ನನ್ನ ಕಡೆ ತಿರುಗಿದ. ‘ನೀನು ಯಾಕೆ ಕೇಳಲಿಲ್ಲ ಅಜ್ಜ?’

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಫೋಟೋದ ಹಿಂದೆ ಬರೆದುಕೊಟ್ಟೆ: ‘ಕೇದಾರಕಂಠದ ಕೊನೆಯ ಬಿಡಾರ, ಸುಮಾರು 11,000 ಅಡಿ. ಶಿಖರ ಮುಟ್ಟಲಿಲ್ಲ. ಇಬ್ಬರೂ ಮನೆಗೆ ಬಂದೆವು.’

ಸೋಮವಾರ ಸಂಜೆ ಅವನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದೆ. ‘ಏನಂದರೋ ನಿನ್ನ ಗೆಳೆಯರು?’

‘ಶಿಖರದ ಬಗ್ಗೆ ಯಾರೂ ಕೇಳಲೇ ಇಲ್ಲ ಅಜ್ಜ. ಎಲ್ಲರೂ ಬಾಟಲಿ ತಲೆಕೆಳಗೆ ಇಡೋದರ ಬಗ್ಗೆಯೇ ಕೇಳಿದರು. ಇವತ್ತು ರಾತ್ರಿ ಫ್ರೀಜರಿನಲ್ಲಿ ಇಟ್ಟು ನೋಡೋಣವಾ?’