ಬೋರ್ಡಿನಲ್ಲಿ ಇಲ್ಲದ ದರ

ಸುಗ್ಗಿಯ ದಿನಗಳಲ್ಲಿ, ಸೋಮವಾರವೋ ಗುರುವಾರವೋ ಬೆಳಗ್ಗೆ ಬ್ಯಾಡಗಿಗೆ ಬಂದಿಳಿದರೆ, ಮಾರುಕಟ್ಟೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಗಂಟಲೇ ಹೇಳುತ್ತದೆ. ಎಪಿಎಂಸಿ ಗೇಟು ದಾಟುವಷ್ಟರಲ್ಲಿ ಕೆಮ್ಮು, ನಾಲ್ಕು ಹೆಜ್ಜೆ ಒಳಗಿಟ್ಟರೆ ಸೀನು, ಆಮೇಲೆ ಕಣ್ಣಲ್ಲಿ ನೀರು. ದಲಾಲಿ ಅಂಗಡಿಗಳ ಮುಂದೆ ಸಾಲಾಗಿ ಬಿಚ್ಚಿಟ್ಟ ಚೀಲಗಳು, ಒಣಮೆಣಸಿನಕಾಯಿಯ ಕೆಂಪು ರಾಶಿಗಳು. ಉದ್ದಕ್ಕೆ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡಗೆ ದುಂಡಗಿದ್ದು ಡಬ್ಬಿ. ಖರೀದಿದಾರ ಬಂದು ಒಂದು ಹಿಡಿ ಎತ್ತುತ್ತಾನೆ, ಹಿಸುಕಿ ತೇವ ನೋಡುತ್ತಾನೆ, ಮುರಿದು ಬಣ್ಣ ನೋಡುತ್ತಾನೆ, ಲಾಟ್ ನಂಬರು ಬರೆದುಕೊಂಡು ಮುಂದೆ ಹೋಗುತ್ತಾನೆ. ಪಕ್ಕದಲ್ಲಿ ಖಾಲಿ ಚೀಲದ ಮೇಲೆ ಕುಂತ ರೈತ ಅವನ ಮುಖವನ್ನೇ ನೋಡುತ್ತಿರುತ್ತಾನೆ. ಟೆಂಡರ್ ತೆರೆಯುವ ತನಕ ಅವನಿಗೆ ಊಟ ಸೇರುವುದಿಲ್ಲ.

2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಇದು. ಖಾರ ಕಡಿಮೆ, ಬಣ್ಣ ಬಹಳ. ಆ ಬಣ್ಣವನ್ನು ಬೇರ್ಪಡಿಸಿ ತೆಗೆದ ಓಲಿಯೊರೆಸಿನ್ ಆಹಾರಕ್ಕೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಆದರೆ ತೊಟ್ಟಿನಲ್ಲಿ ಬಣ್ಣವಿಲ್ಲ. ಅದನ್ನು ಯಾರಾದರೂ ಮುರಿದು ಬಿಸಾಕಬೇಕು.

ಆ ಯಾರಾದರೂ ಎಲ್ಲಿದ್ದಾರೆ ಎಂದು ನೋಡಲು ರಾಶಿಗಳನ್ನು ದಾಟಿ ಗೋದಾಮುಗಳ ಕಡೆ ನಡೆಯಿರಿ. ತಗಡಿನ ಮಾಡು, ಕೆಳಗೆ ಗೋಣಿತಟ್ಟು, ಅದರ ಮೇಲೆ ಸುತ್ತುಗಟ್ಟಿ ಕುಂತ ಹೆಂಗಸರು. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಬಟ್ಟೆ, ಮೂಗಿಗೆ ಅಡ್ಡ ಹಿಡಿದ ಸೆರಗು. ಮಾತಾಡುವಾಗಲೂ ಕೈ ನಿಲ್ಲದು.

"ಬರ್ರಿ, ಕುಂದರ್ರಿ. ಮುಖಕ್ಕ ಕೈ ಹಚ್ಚಬ್ಯಾಡ್ರಿ ಮತ್ತ!"

ನೀವೂ ಒಂದು ಕಾಯಿ ಎತ್ತಿಕೊಳ್ಳುತ್ತೀರಿ. ಹೆಬ್ಬೆರಳ ಉಗುರು ತೊಟ್ಟಿನ ಬುಡಕ್ಕೆ ಹಚ್ಚಿ ಒತ್ತಬೇಕು, ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು. ಹತ್ತು ಕಾಯಿ ಸಲೀಸು. ಐವತ್ತಕ್ಕೆ ಉಗುರಿನ ಸಂದಿ ಉರಿಯುತ್ತದೆ. ಒಣಗಿದ ಈ ಕಾಯಿಗೆ ತೂಕವೇ ಇಲ್ಲ. ಒಂದು ಕಿಲೋ ಆಗಬೇಕಾದರೆ ನೂರಾರು ಕಾಯಿ ಬೇಕು, ನೂರಾರು ಸಲ ಅದೇ ಬೆರಳು ಒತ್ತಬೇಕು. ಕೂಲಿ ಸಿಗುವುದು ಕಿಲೋ ಲೆಕ್ಕದಲ್ಲಿ.

"ದಿನಕ್ಕ ಎಷ್ಟು ಕಿಲೋ ಆಗತೈತ್ರಿ ಅಕ್ಕಾರ?"

"ಕಾಯಿ ಹೆಂಗೈತಿ ಅದರ ಮ್ಯಾಲೆ ನೋಡ್ರಿ. ಮೆತ್ತಗಿದ್ರ ಕೈಗೆ ಬರತೈತಿ. ಕಟಕಟ ಒಣಗಿದ್ರ ಪುಡಿ ಆಕ್ಕೈತಿ, ಪುಡಿ ಆದ್ರ ಬೈಸ್ಕೋಬೇಕು."

"ಕಿಲೋಕ್ಕ ಇಷ್ಟು ಅಂತ ಯಾರು ಮಾಡತಾರ?"

"ಅವರ ಹೇಳತಾರ, ನಾವು ಮಾಡತೀವಿ."

ಮೂಲೆಯಲ್ಲಿದ್ದ ಹುಡುಗಿಯಂಥ ತಾಯಿ ತಲೆ ಎತ್ತದೆ ಹೇಳುತ್ತಾಳೆ: "ಮನಿಗೆ ಹೋಗಿ ಎಣ್ಣಿ ಹಚ್ಚಿ ತಿಕ್ಕಿ ತೊಳಕೊಂಡ್ರೂ ಉರಿ ಹೋಗಂಗಿಲ್ರೀ. ಕೂಸು ಅತ್ರ ನಮ್ಮತ್ತಿನೇ ಎತ್ತಿಕೋಬೇಕು."

ಈ ಅಂಗಳದಲ್ಲಿ ಎಲ್ಲಕ್ಕೂ ಒಂದು ದರವಿದೆ, ಆ ದರ ಎಲ್ಲರ ಕಣ್ಣಮುಂದೆ ಇದೆ. ಲಾಟಿಗೆ ಟೆಂಡರ್ ಇದೆ. ದಿನದ ಕನಿಷ್ಠ, ಗರಿಷ್ಠ ಬೆಲೆಯನ್ನು ಪತ್ರಿಕೆಗಳು ಅಚ್ಚು ಹಾಕುತ್ತವೆ. ಚೀಲ ಹೊರುವ ಹಮಾಲಿಗೂ ಮಾರುಕಟ್ಟೆ ಸಮಿತಿಯ ಲೈಸನ್ಸ್ ಇದೆ, ನಿಗದಿಯಾದ ದರ ಇದೆ. ಸಂಘಟನೆ ಕಟ್ಟಿ, ಕೆಲಸ ನಿಲ್ಲಿಸಿ ಪಡೆದ ಹಕ್ಕು ಅದು. ತೊಟ್ಟು ಬಿಡಿಸುವವಳ ದರ ಮಾತ್ರ ಗೋದಾಮಿನ ಬಾಗಿಲ ಹಿಂದೆ, ಬಾಯಿಮಾತಿನಲ್ಲಿ. ಕಾಯಿಗೆ ಬೆಲೆ ಬಾರದಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಬ್ಯಾಡಗಿಯ ಸುತ್ತ ಅಂಥ ಕಟ್ಟಡಗಳಿಗೆ ಕಡಿಮೆಯಿಲ್ಲ. ಇವತ್ತಿನ ಕೂಲಿಯನ್ನು ನಾಳೆಗೆ ಎಲ್ಲಿ ಇಡುವುದು? ಸಂಜೆಯ ಅಕ್ಕಿಗೆ ಸಂಜೆಯೇ ದುಡ್ಡು ಬೇಕು. ಬಂಡವಾಳಕ್ಕೂ ದುಡಿಮೆಗೂ ಇರುವ ಅಂತರವೆಲ್ಲ ಇಲ್ಲೇ ಇದೆ. ಒಬ್ಬರು ಕಾಯಬಲ್ಲರು, ಇನ್ನೊಬ್ಬರಿಗೆ ಕಾಯಲು ಆಗದು. ಕಾಯಲಾಗದವರ ದರವನ್ನು ಕಾಯಬಲ್ಲವರು ನಿಗದಿ ಮಾಡುತ್ತಾರೆ.

2024ರ ಮಾರ್ಚ್ 11, ಅದೂ ಸೋಮವಾರ. ದರ ಕುಸಿದದ್ದು ಕಂಡು ಸಿಟ್ಟಿಗೆದ್ದ ರೈತರು ಇದೇ ಅಂಗಳದಲ್ಲಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಹೊತ್ತಿ ಉರಿದವು. ರಾಜ್ಯವೆಲ್ಲ ಬ್ಯಾಡಗಿಯತ್ತ ನೋಡಿತು. ಬೆಂಕಿ ಹಚ್ಚಿದ್ದನ್ನು ನಾನು ಒಪ್ಪುವುದಿಲ್ಲ. ವರ್ಷದ ಬೆವರು ಒಂದು ಮಧ್ಯಾಹ್ನದಲ್ಲಿ ಅರ್ಧಕ್ಕಿಳಿದರೆ ಎದೆ ಉರಿಯುತ್ತದೆ ಎಂಬುದನ್ನು ಅಲ್ಲಗಳೆಯುವುದೂ ಇಲ್ಲ. ಆದರೆ ತೊಟ್ಟು ಬಿಡಿಸುವ ಕೂಲಿಯ ಬಗ್ಗೆ ರಾಜ್ಯ ಹಾಗೆ ತಿರುಗಿ ನೋಡಿದ ಒಂದು ದಿನವೂ ನನಗೆ ನೆನಪಿಲ್ಲ.

ಬೆರಳಿನ ದುಡಿಮೆ ಬ್ಯಾಡಗಿಯಲ್ಲಷ್ಟೇ ಇಲ್ಲ. ರಾಣೆಬೆನ್ನೂರಿನ ಬಸ್ಸು ಹತ್ತಿ. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿಯದ್ದೋ ತರಕಾರಿಯದ್ದೋ ಬೀಜದ ಪ್ಲಾಟು ಕಂಡರೆ ಇಳಿದುಬಿಡಿ. ಇಲ್ಲಿ ಕ್ರಾಸಿಂಗ್ ಕೆಲಸ. ಇಂದು ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತು, ನಾಳೆ ಬೆಳಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು, ಒಂದೊಂದೇ ಹೂವಿಗೆ. ಬೆರಳು ಸಣ್ಣ ಎಂಬ ನೆವದಲ್ಲಿ ಶಾಲೆಗೆ ಹೋಗಬೇಕಾದ ಹೆಣ್ಣುಮಕ್ಕಳನ್ನೂ ಈ ಸಾಲುಗಳಲ್ಲಿ ನಿಲ್ಲಿಸಿದ ಚರಿತ್ರೆ ಸಂಕರಣ ಬೀಜದ ಉದ್ಯಮಕ್ಕಿದೆ. ಕಂಪನಿ ರೈತನಿಗೆ ಕಿಲೋ ಬೀಜಕ್ಕೆ ದರ ಕಟ್ಟುತ್ತದೆ, ರೈತ ಅದರೊಳಗೇ ಕೂಲಿ ಕೊಡಬೇಕು. ಪರೀಕ್ಷೆಯಲ್ಲಿ ಬೀಜ ಫೇಲಾದರೆ ನಷ್ಟ ಹೊಲದಲ್ಲೇ ಉಳಿಯುತ್ತದೆ.

ಹಾವೇರಿಯ ಈ ಸೀಮೆ ಸುಮ್ಮನಿದ್ದದ್ದಲ್ಲ. ಕುಮಾರಪಟ್ಟಣದ ಕಾರ್ಖಾನೆ ಹರಿಹರ ಪಾಲಿಫೈಬರ್ಸ್‌ಗೆ ನೀಲಗಿರಿ ಬೆಳೆಯಲೆಂದು ಹಳ್ಳಿಗಳ ಗೋಮಾಳ ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಅದು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವಗಳು ಹೋದವು. ಹಾವೇರಿಯ ಮಣ್ಣು ರೈತನ ದನಿಯನ್ನು ಕೇಳಿಸಿಕೊಂಡಿದೆ. ಹೊಲವಿಲ್ಲದೆ ಬರೀ ಬೆರಳು ಇರುವವರ ದನಿ ಬಾಕಿ ಇದೆ.

ಕಾನೂನು ಹೊಸದಾಗಿ ಬರಬೇಕಿಲ್ಲ. ತುಂಡುಗುತ್ತಿಗೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೂ ಅದು ದಿನದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು ಎಂದು 1948ರ ಕನಿಷ್ಠ ವೇತನ ಕಾಯ್ದೆಯೇ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಹಾವೇರಿಯ ಕಾರ್ಮಿಕ ಅಧಿಕಾರಿಗಳು ಒಂದು ದಿನ ಗೋದಾಮಿಗೆ ಬರಲಿ. ಒಬ್ಬ ಹೆಣ್ಣುಮಗಳ ಪಕ್ಕ ಗಡಿಯಾರ ಹಿಡಿದು ಕೂರಲಿ, ಎಂಟು ತಾಸಿನಲ್ಲಿ ಎಷ್ಟು ಕಿಲೋ ಆಗುತ್ತದೆ ಎಂದು ಅವಳ ಎದುರೇ ತೂಗಿ ಬರೆದುಕೊಳ್ಳಲಿ, ಅದರಿಂದ ಕಿಲೋ ದರ ಕಟ್ಟಲಿ. ಎಪಿಎಂಸಿ ಆ ದರವನ್ನು ಕಡ್ಡಿ, ಡಬ್ಬಿಯ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಮುಂದಿನ ಸುಗ್ಗಿಯೊಳಗೆ ಬೋರ್ಡಿನಲ್ಲಿ ಬರೆಸಲಿ.