ಕೋಳಿನಿದ್ದೆಯ ಲೆಕ್ಕ

ಕನ್ನಡದಲ್ಲಿ ನಿದ್ದೆಗೆ ಒಂದೇ ಹೆಸರಿಲ್ಲ. ತೂಕಡಿಕೆ, ಜೊಂಪು, ಮಂಪರು, ಕೋಳಿನಿದ್ದೆ, ಗಾಢನಿದ್ದೆ ಎಂದು ಆಳವನ್ನು ಅಳೆದು ಹಿರಿಯರು ಹೆಸರಿಟ್ಟಿದ್ದಾರೆ. ಯಂತ್ರದ ನಿದ್ದೆಗೂ ಇಂಥ ಹಂತಗಳಿವೆಯೆಂಬುದು, ಇಂಗ್ಲಿಷ್ ಸಾಹಿತ್ಯವನ್ನು ಓದಿ ಸರ್ಕಾರಿ ಕಡತಗಳ ನಡುವೆ ದಿನ ಕಳೆಯುತ್ತಿರುವ ನಮಗೆ ತಿಳಿದದ್ದು ತಮ್ಮನಿಂದ.

ಅವನು ಬೆಂಗಳೂರಿನ ಒಂದು ಪುಟ್ಟ ಕಂಪನಿಯಲ್ಲಿ ಎಂಜಿನಿಯರ್. ಹಳ್ಳಿಗಳ ಹಾಲು ಸಂಗ್ರಹ ಕೇಂದ್ರಗಳಲ್ಲಿ ಹಾಲಿನ ಅಳತೆಯನ್ನು ಬರೆದಿಡುವ ಕೈಯಂತ್ರ ಅವರ ತಯಾರಿಕೆ. ಹೋದ ಚಳಿಗಾಲದಲ್ಲಿ ಅವನು ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿಗೆ ಬಂದಾಗ ರಜೆಗಿಂತ ಹೆಚ್ಚಾಗಿ ಚಿಂತೆಯನ್ನೇ ಹೊತ್ತು ತಂದಿದ್ದ. ಬ್ರಿಟಿಷರು 1940ರ ದಶಕದಲ್ಲಿ ನೌಕರರಿಗಾಗಿ ಕಟ್ಟಿಸಿದ ಈ ದಪ್ಪ ಗೋಡೆಯ ಮನೆಯ ಊಟದ ಮೇಜಿನ ಮೇಲೆ ಮೀಟರು, ತಂತಿ, ಬಿಚ್ಚಿಟ್ಟ ಯಂತ್ರ ಹರಡಿಕೊಂಡವು. ಪ್ರಯೋಗಕ್ಕೆಂದು ಕೊಟ್ಟ ಒಂದು ಊರಿನಲ್ಲಿ ರಾತ್ರಿಯಿಡೀ ಕರೆಂಟು ಹೋಗಿ, ಬೆಳಗಿನ ಹಾಲಿನ ಹೊತ್ತಿಗೆ ಯಂತ್ರ ಸತ್ತಿತ್ತು. ಹಿಂದಿನ ಸಂಜೆ ದಾಖಲಿಸಿದ, ಇನ್ನೂ ಕಳುಹಿಸಿರದ ಅಂಕಿಗಳು ಅದರ ಜೊತೆಗೇ ಹೋಗಿದ್ದವು. ಕಾರ್ಯದರ್ಶಿ ಹಳೆಯ ಅಭ್ಯಾಸದಿಂದ ನೋಟುಬುಕ್ಕಿನಲ್ಲಿಯೂ ಬರೆದಿಟ್ಟಿದ್ದರಿಂದ ಹಾಲು ಹಾಕಿದ ಹೆಂಗಸರ ಹಣ ಉಳಿಯಿತು.

“ಮಲಗಿಸಿದ ಯಂತ್ರಕ್ಕೆ ಬ್ಯಾಟರಿ ಏಕೆ ಬೇಕು?” ಎಂದು ನಾವು ಕೇಳಿದೆವು. ಕನ್ನಡದಲ್ಲಿಯೇ ಹೇಳಬೇಕೆಂಬ ನಮ್ಮ ಹಠಕ್ಕೆ ಮಣಿದು ಅವನು ಅಜ್ಜಿಯ ಒಲೆಯನ್ನು ನೆನಪಿಸಿದ. ಅಜ್ಜಿ ರಾತ್ರಿ ಒಲೆಯನ್ನು ಆರಿಸುತ್ತಿರಲಿಲ್ಲ. ಒಂದೆರಡು ಕೆಂಡಗಳನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ಯಂತ್ರದ ನೆನಪು ಆ ಕೆಂಡ. ಮೆಮೊರಿಯ ಒಂದೊಂದು ಕೋಶವೂ ಸೋರುವ ಪುಟ್ಟ ಕೊಡದಂತೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆಯಾದರೂ ಮತ್ತೆ ತುಂಬದಿದ್ದರೆ ಬರೆದದ್ದು ಅಳಿಯಬಹುದು. ಪ್ರೊಸೆಸರ್ ಮಲಗಿದಾಗ ಮೆಮೊರಿ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೆ ಸಣ್ಣ ವಿದ್ಯುತ್ತು ಸಾಕು, ಆದರೆ ನಿಲ್ಲುವಂತಿಲ್ಲ.

ಯಂತ್ರದೊಳಗೆ ವೋಲ್ಟೇಜ್ ರೆಗ್ಯುಲೇಟರುಗಳೆಂಬ ಹತ್ತಾರು ತೂಬುಗಳಿರುತ್ತವೆ. ಒಂದು ಪ್ರೊಸೆಸರಿಗೆ, ಒಂದು ಮೆಮೊರಿಗೆ, ಒಂದು ಪರದೆಗೆ, ಒಂದು ಎಬ್ಬಿಸುವ ಗುಂಡಿಗೆ. ಲಿನಕ್ಸಿನಲ್ಲಿ ಇವುಗಳನ್ನು ನಿಭಾಯಿಸುವ ಚೌಕಟ್ಟು 2008ರಲ್ಲಿ, 2.6.27ನೆಯ ಆವೃತ್ತಿಯೊಡನೆ ಬಂತು. ಡಿವೈಸ್ ಟ್ರೀ ಎಂಬ ಕಡತದಲ್ಲಿ ಪ್ರತಿಯೊಂದು ತೂಬಿಗೂ ನಿದ್ದೆಯ ಕಾಲದ ಆದೇಶವನ್ನು ಬರೆಯಬಹುದು: ತೆರೆದಿರಬೇಕೇ, ಮುಚ್ಚಬೇಕೇ, ತೆರೆದಿದ್ದರೆ ಎಷ್ಟು ವೋಲ್ಟು. ಅಳತೆ ಮೈಕ್ರೋವೋಲ್ಟಿನಲ್ಲಿ, 1.2 ವೋಲ್ಟನ್ನು 1200000 ಎಂದು ಬರೆಯಬೇಕು. ಮಲಗಿದ ಮೇಲೆ ಪ್ರೊಸೆಸರ್ ಏನನ್ನೂ ಹೇಳಲಾರದು. ಆದ್ದರಿಂದ ಉಯಿಲಿನಂತೆ ಎಲ್ಲವನ್ನೂ ಮೊದಲೇ ಹೇಳಿಟ್ಟು ಕಣ್ಣು ಮುಚ್ಚಬೇಕು.

ಬೆಂಗಳೂರಿಗೆ ಈ ಚಿಂತೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನವರೂ ಸೇರಿ ಹಳ್ಳಿಗರಿಗೆಂದು ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಬೆಳಕು ಕಂಡಿತು. ಲಿನಕ್ಸ್ ನಡೆಸುತ್ತಿದ್ದ ಅದರ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿಗೆ ತಾನು ಮಲಗುವಾಗ ಒಂದು ಸಂಕೇತವನ್ನು ಇಳಿಸಿ, ತನ್ನ ತಿರುಳಿನ ವಿದ್ಯುತ್ತನ್ನು ಹೊರಗಿನಿಂದಲೇ ಕಡಿಸಿಕೊಳ್ಳುವ ವ್ಯವಸ್ಥೆಯಿತ್ತು. ಕರೆಂಟು ನೆಚ್ಚಲಾಗದ ಊರಿಗೆ ಯಂತ್ರವನ್ನು ಕಟ್ಟುವವರು ಎಚ್ಚರಕ್ಕಿಂತ ಮೊದಲು ನಿದ್ದೆಯನ್ನು ಕಲಿಸಬೇಕು.

ತಮ್ಮ ಒಂದೊಂದೇ ತೂಬನ್ನು ಅಳೆಯುತ್ತ ಹೋದ. ಮಲಗಿದ ಯಂತ್ರ 150 ಮಿಲಿಆಂಪಿಯರ್ ಕುಡಿಯುತ್ತಿತ್ತು. ದಿನದ ದುಡಿಮೆಯ ನಂತರ ಬ್ಯಾಟರಿಯಲ್ಲಿ 1000 ಮಿಲಿಆಂಪಿಯರ್-ಗಂಟೆ ಉಳಿದಿದ್ದರೂ ಏಳು ಗಂಟೆಯೊಳಗೆ ಖಾಲಿ. ರಾತ್ರಿ ಒಂಬತ್ತಕ್ಕೆ ಮಲಗಿಸಿದರೆ ನಾಲ್ಕರೊಳಗೆ ಸಾವು. ಹಾಲು ಬರುವುದು ಆರಕ್ಕೆ. ಪರದೆಯ ಮತ್ತು ರೇಡಿಯೋದ ತೂಬುಗಳಿಗೆ ಯಾರೋ ‘ಸದಾ ತೆರೆದಿರಲಿ’ ಎಂದು ಬರೆದು, ನಿದ್ದೆಯ ವಿಷಯದಲ್ಲಿ ಸುಮ್ಮನಿದ್ದುಬಿಟ್ಟಿದ್ದರು. ಆದೇಶವಿಲ್ಲದ ತೂಬನ್ನು ವ್ಯವಸ್ಥೆ ನಿದ್ದೆಯಲ್ಲಿ ಮುಟ್ಟುವುದಿಲ್ಲ; ಇದ್ದದ್ದು ಇದ್ದಂತೆ ಮುಂದುವರಿಯುತ್ತದೆ. ಈ ಮಾತು ನಮಗೆ ಕೂಡಲೇ ಅರ್ಥವಾಯಿತು. ಟಿಪ್ಪಣಿಯಿಲ್ಲದ ಕಡತ ನಮ್ಮಲ್ಲಿಯೂ ಯಥಾಸ್ಥಿತಿಯಲ್ಲೇ ವರ್ಷಗಟ್ಟಲೆ ಮಲಗಿರುತ್ತದೆ, ಅದರ ವೆಚ್ಚ ಮಾತ್ರ ಮಲಗುವುದಿಲ್ಲ.

ಹಾಗೆಂದು ಎಲ್ಲವನ್ನೂ ಮುಚ್ಚಿದರೂ ಆಗದು. ಒಂದು ರಾತ್ರಿ ಅವನು ಗುಂಡಿಯ ತೂಬನ್ನೂ ಮುಚ್ಚಿ ನೋಡಿದ. ಎಷ್ಟು ಒತ್ತಿದರೂ ಯಂತ್ರ ಏಳಲಿಲ್ಲ. ಹೊರಗೆ ನಮ್ಮ ಬ್ಲಾಕಿನ ಚೌಕಿದಾರ ಮಂಜಿನಲ್ಲಿ ಕೋಲು ತಟ್ಟುತ್ತ ಸೀಟಿ ಊದುತ್ತಿದ್ದ. “ಅವನಿಗೂ ರಜೆ ಕೊಟ್ಟಂತಾಯಿತು” ಎಂದು ತಮ್ಮ ನಕ್ಕ.

ಕೊನೆಗೆ ಎಚ್ಚರವಾಗಿ ಉಳಿದವು ಎರಡೇ: ನೆನಪಿನ ಕೆಂಡ, ಗುಂಡಿಯ ಚೌಕಿದಾರ. ಬಳಕೆ 5 ಮಿಲಿಆಂಪಿಯರಿಗೆ ಇಳಿಯಿತು. ಅದೇ ಬ್ಯಾಟರಿಗೆ ಈಗ ಎಂಟು ದಿನದ ಆಯಸ್ಸು. ಎಲ್ಲ ಸೇರಿ ತಿದ್ದಿದ್ದು ಹತ್ತು ಸಾಲೂ ಆಗಲಿಲ್ಲ. ಬೆಂಗಳೂರಿಗೆ ಮರಳಿದ ಮೇಲೆ ಅವನು ಆ ಹಳ್ಳಿಗೆ ಹೋಗಿ ಯಂತ್ರವನ್ನು ಕೊಟ್ಟುಬಂದನಂತೆ. ಅದು ಬೆಳಗ್ಗೆ ಆರಕ್ಕೆ ಏಳುತ್ತಿದೆ, ಸಂಜೆಯ ಲೆಕ್ಕವೂ ಉಳಿಯುತ್ತಿದೆ. ಕಾರ್ಯದರ್ಶಿಯವರು ನೋಟುಬುಕ್ಕಿನಲ್ಲಿ ಬರೆಯುವುದನ್ನು ನಿಲ್ಲಿಸಿಲ್ಲ. ನಿಲ್ಲಿಸಬೇಡಿ ಎಂದು ತಮ್ಮನೇ ಹೇಳಿಬಂದಿದ್ದಾನೆ.